ಹಣೆಯ ಮೇಲಿನ ಎರಡು ಸುಳಿ

ನನ್ನ ಕೈಗೆ ಮೆಂತ್ಯದ ವಾಸನೆ ಅಂಟಿಕೊಂಡು ಎಷ್ಟೋ ವರ್ಷವಾಯಿತು. ಯಾವ ಸೋಪಿಗೂ ಅದು ಜಗ್ಗುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸರು ಮೂಗರಳಿಸಿ, "ಮೆಂತ್ಯದ ಹಿಟ್ಟು ಮಾಡಿಸ್ಕೊಂಡ್ ಬಂದ್ರಾ?" ಎಂದು ಕೇಳುತ್ತಾರೆ. ಇಲ್ಲ, ಕುದುರೆಗೆ ಪುಡಿ ಮಾಡುವ ಕಂಪನಿಯಲ್ಲಿ ಕೆಲಸ ಎಂದರೆ ಮೊದಲು ನಗುತ್ತಾರೆ, ಆಮೇಲೆ ದನಿ ತಗ್ಗಿಸಿ ರೇಸಿನಲ್ಲಿ ಯಾವ ಕುದುರೆ ಗೆಲ್ಲುತ್ತದೆ ಎನ್ನುತ್ತಾರೆ. ಅದು ಗೊತ್ತಿದ್ದರೆ ಈ ಬಸ್ಸಿನಲ್ಲಿ ನಿಮ್ಮ ಪಕ್ಕ ಯಾಕೆ ಕೂತಿರುತ್ತಿದ್ದೆ ತಾಯಿ ಎಂದು ಬಾಯಿ ಮುಚ್ಚಿಸುತ್ತೇನೆ.

ಕಂಪನಿ ದೊಡ್ಡದೇನಲ್ಲ. ತುಮಕೂರಿನಿಂದ ಗುಬ್ಬಿಗೆ ಹೋಗುವ ರಸ್ತೆಯಲ್ಲಿ ಒಂದು ಶೀಟಿನ ಶೆಡ್ಡು, ಪುಡಿ ಬೆರೆಸುವ ಯಂತ್ರಗಳು, ಹಿಂದೆ ಒಂದಿಷ್ಟು ಖಾಲಿ ಜಾಗ. ಗೊರಸು ಗಟ್ಟಿಯಾಗುವುದಕ್ಕೆ ಒಂದು ಪುಡಿ, ಮೈಕೂದಲು ಹೊಳೆಯುವುದಕ್ಕೆ ಒಂದು, ಮರಿ ಹಾಕಿದ ಕುದುರೆಗೆ ಹಾಲು ಹೆಚ್ಚುವುದಕ್ಕೆ ಇನ್ನೊಂದು. ಅದರಲ್ಲಿ ಯಾವ ಖನಿಜ, ಯಾವ ವಿಟಮಿನ್ ಇದೆ ಎನ್ನುವುದರ ಗೊಡವೆ ಕುದುರೆಗಿಲ್ಲ. ರುಚಿ ಹಿಡಿಸದಿದ್ದರೆ ತುಟಿಯಲ್ಲೇ ಪುಡಿಯನ್ನು ಆಚೆ ಸರಿಸಿ, ಹುರುಳಿ ಮಾತ್ರ ತಿಂದು, ಬಕೆಟ್ಟಿಗೆ ಒಂದು ಒದೆ ಕೊಡುತ್ತದೆ. ಹಾಗಾಗಿ ನಮ್ಮ ಎಲ್ಲ ಪುಡಿಗೂ ಹುರಿದ ಮೆಂತ್ಯ ಮತ್ತು ಬೆಲ್ಲ ಸೇರಿಸುತ್ತೇವೆ. ಅದನ್ನು ಊರೂರಿಗೆ ಒಯ್ದು, ಅಂಗೈಯಲ್ಲಿ ಹಿಡಿದು, ಕುದುರೆ ತಿನ್ನುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ.

ಎಲ್ಲಿ ಹೋದರೂ ಕುದುರೆಗಳು ನನ್ನ ಹಿಂದೆ ಬರುತ್ತವೆ. ನೋಡಿದವರು, "ಮೇಡಂಗೆ ಕುದ್ರೆ ಅಂದ್ರೆ ಜೀವ, ಕುದ್ರೆಗೂ ಮೇಡಂ ಅಂದ್ರೆ ಜೀವ" ಎಂದು ಹೊಗಳುತ್ತಾರೆ. ಮೊದಲನೆಯದು ನಿಜ. ಎರಡನೆಯದು ಮೆಂತ್ಯದ ಮಹಿಮೆ ಎಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿಕೊಂಡಿದ್ದೆ.

ನನ್ನಪ್ಪ ತುಮಕೂರಿನಲ್ಲಿ ಜಟಕಾ ಓಡಿಸುತ್ತಿದ್ದ. ಆಗಲೇ ಆಟೋಗಳು ಬಂದು ಜಟಕಾಗಳನ್ನು ರೈಲ್ವೆ ಸ್ಟೇಷನ್ನಿನ ಒಂದು ಮೂಲೆಗೆ ತಳ್ಳಿದ್ದವು. ಆದರೂ ಮೂಟೆ ಸಾಗಿಸುವವರು, ವಯಸ್ಸಾದವರು, ಪಾತ್ರೆ ಪಡಗ ಇಟ್ಟುಕೊಂಡು ಊರಿಗೆ ಹೋಗುವವರು ನಮ್ಮನ್ನೇ ಹುಡುಕಿಕೊಂಡು ಬರುತ್ತಿದ್ದರು. ನಮ್ಮದು ಬೂದು ಬಣ್ಣದ ಹೆಣ್ಣು ಕುದುರೆ. ಅಪ್ಪ ಅವಳಿಗೆ ಬೇರೆ ಹೆಸರನ್ನೇ ಇಡಲಿಲ್ಲ, 'ಮಗಳೇ' ಎಂದು ಕೂಗುತ್ತಿದ್ದ. ಕೂಗಿದರೆ ನಾವಿಬ್ಬರೂ ತಿರುಗುತ್ತಿದ್ದೆವು. ನನಗೆ ಹೊಟ್ಟೆಕಿಚ್ಚು. ಯಾರನ್ನು ಕರೆದದ್ದು ಹೇಳು ಎಂದು ಜಗಳಕ್ಕೆ ನಿಂತರೆ, "ಇಬ್ರುನ್ನೂ ಕಣೇ. ಮೊದ್ಲು ಬಂದೋರ್ಗೆ ಬೆಲ್ಲ" ಎನ್ನುತ್ತಿದ್ದ. ಮೊದಲು ಬರುತ್ತಿದ್ದವಳು ಯಾವಾಗಲೂ ಅವಳೇ. ಬಂದವಳೇ ಅಪ್ಪನ ಅಂಗಿಯ ಎಡಗಡೆ ಜೇಬಿಗೆ ಮೂತಿ ತೂರಿಸುತ್ತಿದ್ದಳು. ಆಮೇಲಾಮೇಲೆ ನಾನೂ 'ಮಗಳೇ' ಎಂದು ಕೂಗುವುದನ್ನು ಕಲಿತೆ. ನನ್ನ ಎಳಸು ದನಿಗೂ ಕಿವಿ ನಿಮಿರಿಸಿ ಬಂದು, ನನ್ನ ಲಂಗದ ಎಡಭಾಗವನ್ನು ಮೂಸಿ, ಅಲ್ಲಿ ಏನೂ ಇಲ್ಲದ್ದಕ್ಕೆ ಜೋರಾಗಿ ಉಸಿರು ಬಿಡುತ್ತಿದ್ದಳು. ಹೊಟ್ಟೆಕಿಚ್ಚು ಕರಗಿದ್ದು ಹಾಗೆ.

ಜಟಕಾ ಸ್ಟ್ಯಾಂಡಿನವರು ಕುದುರೆ ಕೊಳ್ಳುವಾಗ ಹಲ್ಲಿಗಿಂತ ಮೊದಲು ಸುಳಿ ನೋಡುತ್ತಿದ್ದರು. ಹಣೆಯ ಮೇಲೆ ಜೋತುಬಿದ್ದ ಜುಟ್ಟನ್ನು ಎತ್ತಿ, ಕೂದಲು ಎಲ್ಲಿ ಸುತ್ತು ತಿರುಗಿದೆ ಎಂದು ಬೆರಳಿಟ್ಟು ತಡವುತ್ತಿದ್ದರು. ಒಂದು ಸುಳಿ ಎಲ್ಲ ಕುದುರೆಗೂ ಇರುತ್ತದೆ, ಅದಕ್ಕೆ ಭಯವಿಲ್ಲ. ಒಂದರ ಮೇಲೊಂದು ಎರಡಿದ್ದರೆ ಅದು ಯಜಮಾನನನ್ನು ನುಂಗುವ ಸುಳಿ. ಅಂಥ ಕುದುರೆಯನ್ನು ಪುಕ್ಕಟೆ ಕೊಟ್ಟರೂ ಯಾರೂ ಅಂಗಳಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. ಸ್ಟ್ಯಾಂಡಿನ ಹಿರಿಯರೊಬ್ಬರಿದ್ದರು, ಬಿಳಿ ಗಡ್ಡದವರು, ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ನನ್ನ ಬೆರಳು ಹಿಡಿದು ಸುಳಿ ತಡವುವುದನ್ನು ಹೇಳಿಕೊಟ್ಟವರು ಅವರೇ.

ನಾನು ಐದನೇ ಕ್ಲಾಸಿನಲ್ಲಿದ್ದೆ. ಅಪ್ಪ ಯಾರನ್ನೋ ಗೂಳೂರಿಗೆ ಬಿಟ್ಟು ಖಾಲಿ ಗಾಡಿಯಲ್ಲಿ ವಾಪಸ್ಸು ಬರುತ್ತಿದ್ದ. ರಸ್ತೆಯ ಅಂಚಿನಲ್ಲಿ ಚಕ್ರ ಜಾರಿ ಗಾಡಿ ಮಗುಚಿತು, ಅಪ್ಪ ಅದರಡಿ ಸಿಕ್ಕಿಕೊಂಡ. ನೋಡಿದವರು ಒಂದು ಮಾತು ಹೇಳಿದರು, ಅದನ್ನು ನಾನು ಇವತ್ತಿನವರೆಗೂ ಬಿಟ್ಟುಕೊಟ್ಟಿಲ್ಲ. ಕುದುರೆ ಬೆದರಿ ಓಡಲಿಲ್ಲವಂತೆ. ಗಾಡಿಯ ಮುರಿದ ಮರ ಹೊಟ್ಟೆಗೆ ಒತ್ತುತ್ತಿದ್ದರೂ, ಒಂದು ಹೆಜ್ಜೆ ಇಟ್ಟರೆ ಗಾಡಿ ಅಪ್ಪನ ಮೇಲೆ ಹರಿಯುತ್ತದೆ ಎಂದು ಗೊತ್ತಿದ್ದವಳ ಹಾಗೆ, ಜನ ಬಂದು ಎತ್ತುವವರೆಗೂ ನಿಂತೇ ಇದ್ದಳಂತೆ. ಆದರೆ ಅಪ್ಪ ಉಳಿಯಲಿಲ್ಲ.

ಅಪ್ಪನನ್ನು ಮಣ್ಣು ಮಾಡಿ ಬಂದವರೆಲ್ಲ ನಮ್ಮ ಅಂಗಳದಲ್ಲಿ ಕೂತಿದ್ದರು. ಹೇಗಾಯಿತು, ಯಾಕಾಯಿತು ಎಂದು ಒಬ್ಬರ ಮೇಲೊಬ್ಬರು ಕೇಳುತ್ತಿದ್ದರು. ಅಮ್ಮ ಗೋಡೆಗೆ ಒರಗಿದ್ದವಳು ತಲೆ ಎತ್ತಿ, "ಕುದ್ರೆ ಸುಳಿ ಸರಿ ಇರ್ಲಿಲ್ಲ. ಹಣೆ ಮೇಲೆ ಎರಡಿತ್ತು. ಜುಟ್ಟು ಮುಚ್ಕೊಂಡಿತ್ತು, ಆಮೇಲೆ ಗೊತ್ತಾಗಿದ್ದು" ಎಂದಳು. ಚಾಚಾ ಎದ್ದು ಕುದುರೆಯ ಹತ್ತಿರ ಹೋದರು, ಕೈ ಎತ್ತಿದರು, ಜುಟ್ಟು ಮುಟ್ಟದೆ ಹಾಗೇ ಹಿಂದಕ್ಕೆ ಬಂದರು. ಆಮೇಲೆ ಸ್ಟ್ಯಾಂಡಿನವರು ಯಾರೂ ಅವಳನ್ನು ತೆಗೆದುಕೊಳ್ಳುವ ಮಾತೇ ಆಡಲಿಲ್ಲ. ಒಂದು ದಿನ ನಾನು ಸ್ಕೂಲಿನಿಂದ ಬಂದಾಗ ಗೂಟ ಮಾತ್ರ ಇತ್ತು. ಸುದ್ದಿ ತಿಳಿಯದ ಹೊರಗಿನವನು ಯಾರೋ ಕೊಂಡು ಹೊಡೆದುಕೊಂಡು ಹೋಗಿದ್ದ. ಎಲ್ಲಿಗೆ ಎಂದು ಅಳುತ್ತಾ ಕೇಳಿದರೆ ಅಮ್ಮ, "ಹೋಯ್ತು ಬುಡು" ಎಂದಳು. ಅಪ್ಪ ಹೋದಾಗ ಅತ್ತದ್ದಕ್ಕಿಂತ ಆವತ್ತು ಹೆಚ್ಚು ಅತ್ತೆ. ಅದು ಸುಳ್ಳಲ್ಲ, ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ಅಮ್ಮ ಊದುಬತ್ತಿ ಹೊಸೆದು ನನ್ನನ್ನು ಬಿಎಸ್ಸಿ ಓದಿಸಿದಳು. ದೊಡ್ಡವಳಾದ ಮೇಲೆ ಅವಳೊಂದಿಗೆ ಎಷ್ಟು ಸಲ ಜಗಳವಾಡಿದ್ದೇನೋ ಲೆಕ್ಕವಿಲ್ಲ. ಸುಳಿ ಅಂದರೆ ಕೂದಲು ತಿರುಗುವ ದಿಕ್ಕು, ಅಷ್ಟೆ. ಆ ಮೂಕಪ್ರಾಣಿಯ ತಲೆಗೆ ಅಪ್ಪನ ಸಾವು ಕಟ್ಟಿದೆಯಲ್ಲ ಎಂದು ರೇಗುತ್ತಿದ್ದೆ. ಅಮ್ಮ ಒಂದು ಸಲವೂ ಎದುರಾಡಲಿಲ್ಲ. ಎದ್ದು ಒಳಗೆ ಹೋಗುತ್ತಿದ್ದಳು. ಅವಳ ನಂಬಿಕೆ ಅಷ್ಟು ಗಟ್ಟಿ ಎಂದುಕೊಂಡಿದ್ದೆ.

ಆ ಸುಳಿ ಇತ್ತು ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ನಾನೇ ಮುಟ್ಟಿದ್ದೆನಲ್ಲ. ಕೆಳಗಿನದು ನಾಲ್ಕಾಣೆ ಅಗಲ, ಮೇಲಿನದು ಅದಕ್ಕಿಂತ ಚಿಕ್ಕದು, ಸ್ವಲ್ಪ ಬಲಕ್ಕೆ. ಕಣ್ಣು ಮುಚ್ಚಿದರೆ ಬೆರಳ ತುದಿಗೆ ಅದು ಬರುತ್ತಿತ್ತು.

ಪುಡಿಯ ಕಂಪನಿಯಲ್ಲಿ ಕೆಲಸ ಇದೆ ಎಂದಾಗ ಸಂಬಳವನ್ನೂ ಕೇಳದೆ ಸೇರಿಕೊಂಡೆ. ಕುದುರೆ ಇರುವ ಕಡೆಗೆಲ್ಲ ಹೋಗಬಹುದು, ಅವಳು ಎಲ್ಲಿಯಾದರೂ ಸಿಗಬಹುದು ಎನ್ನುವ ಆಸೆ. ಆಗಿನ್ನೂ ಅವಳು ಬದುಕಿರುವ ವಯಸ್ಸೇ. ಬಣ್ಣವನ್ನು ನಂಬುವ ಹಾಗಿರಲಿಲ್ಲ. ಬೂದು ಕುದುರೆಗಳು ವಯಸ್ಸಾದಂತೆ ಬೆಳ್ಳಗಾಗುತ್ತವೆ. ಹಲ್ಲು ಸವೆಯುತ್ತದೆ, ಗಾಯದ ಗುರುತು ಮಾಸುತ್ತದೆ, ನಡಿಗೆ ಬದಲಾಗುತ್ತದೆ. ಹುಟ್ಟಿದಾಗ ಇದ್ದ ಹಾಗೆ ಸಾಯುವವರೆಗೂ ಉಳಿಯುವುದು ಸುಳಿ ಒಂದೇ. ಹಾಗಾಗಿ ಎಲ್ಲಿ ಬಿಳಿ ಹೆಣ್ಣು ಕುದುರೆ ಕಂಡರೂ ಪುಡಿ ತಿನ್ನಿಸುವ ನೆಪದಲ್ಲಿ ಜುಟ್ಟು ಎತ್ತಿ ನೋಡುತ್ತಿದ್ದೆ. ಕೆಲವರು ಹೇನು ನೋಡುತ್ತಿದ್ದೇನೆ ಎಂದುಕೊಂಡು ಗಾಬರಿಯಾಗುತ್ತಿದ್ದರು.

ಸೇರಿದ ಹೊಸತರಲ್ಲೇ ಗುಬ್ಬಿಯಲ್ಲಿ ಒಂದು ಮುದಿ ಕುದುರೆ ನೋಡಿದ್ದೆ. ಕೊಬ್ಬರಿ ವ್ಯಾಪಾರಿಯೊಬ್ಬರು ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಡಲು ಇಟ್ಟುಕೊಂಡಿದ್ದರು. ಅಚ್ಚ ಬಿಳಿ, ಗೊರಸು ಸೀಳು ಬಿಟ್ಟಿತ್ತು, ಅದಕ್ಕೇ ನನ್ನನ್ನು ಕರೆಸಿದ್ದು. ಹುಲ್ಲು ಹಾಕುವವನು, "ಇದು ಅವ್ರಿವ್ರ ಕೈ ದಾಟಿ ಬಂದಿದ್ದು, ಊರು ಯಾವ್ದೋ ಗೊತ್ತಿಲ್ಲ. ಯಾರ ತಾವೂ ಬರಲ್ಲ, ನಿಮ್ತಾವ ಬಂತಲ್ಲ" ಎಂದು ಆಶ್ಚರ್ಯಪಟ್ಟ. ಅದು ನನ್ನ ಕೈಯಲ್ಲಿದ್ದ ಪುಡಿ ನೆಕ್ಕಿ, ನನ್ನ ಸೊಂಟಕ್ಕೆ ಮೂತಿ ಒರೆಸಿತು. ಜುಟ್ಟು ಎತ್ತಿ ಬೆರಳಿಟ್ಟೆ. ಒಂದೇ ಸುಳಿ. ಇನ್ನೊಂದು ಸಲ ತಡವಿದೆ. ಒಂದೇ. ಗೊರಸಿನ ಪುಡಿಯ ಡಬ್ಬ ಕೊಟ್ಟು ಹೊರಟೆ. ಗೇಟಿನವರೆಗೂ ಹಿಂದೆಯೇ ಬಂತು. ಮೆಂತ್ಯದ ಆಸೆ ಎಂದುಕೊಂಡೆ.

ಹೀಗೆ ವರ್ಷಗಳು ಹೋದವು. ಅವಳು ಎಲ್ಲೂ ಸಿಗಲಿಲ್ಲ, ಬದುಕಿರುವ ವಯಸ್ಸೂ ದಾಟಿತು. ಆದರೂ ಬೆರಳಿನ ಚಾಳಿ ಬಿಡಲಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ಯಂತ್ರಗಳು ನಿಂತಾಗ ಗುಬ್ಬಿ ರಸ್ತೆಯ ಕಡೆಯಿಂದ ಲಾಳದ ಸದ್ದು ಕೇಳಿಸುತ್ತಿತ್ತು. ಹೊರಗೆ ಬಂದು ನೋಡಿದರೆ ಲಾರಿ, ಟ್ರಾಕ್ಟರು. ಶೆಡ್ಡಿನವರು ತಮಾಷೆ ಮಾಡುತ್ತಾರೆ ಎಂದು ಯಾರಿಗೂ ಹೇಳುತ್ತಿರಲಿಲ್ಲ.

ಹೋದ ವರ್ಷ ಕುಣಿಗಲ್ ಕಡೆಯ ಒಬ್ಬರು ಫೋನ್ ಮಾಡಿದರು. ಬಸ್ಸು ಓಡಿಸುತ್ತಿದ್ದವರು, ಅದನ್ನು ಬಿಟ್ಟು ಕೆರೆಯ ಆಚೆ ಜಮೀನು ಮಾಡಿ ಕೆಲವು ಕುದುರೆ ಸಾಕಿಕೊಂಡಿದ್ದರು. ಹೋದಾಗ ಒಂದು ಹೆಣ್ಣು ಮರಿಯನ್ನು ತೋರಿಸಿದರು. ಕಂದು ಬಣ್ಣ, ಉದ್ದ ಕಾಲು, ಪುಂಡಾಟ ಇನ್ನೂ ಕಳೆದಿರಲಿಲ್ಲ. ಜುಟ್ಟು ಎತ್ತಿ, "ನೋಡಿ" ಎಂದರು. ಒಂದರ ಮೇಲೊಂದು, ಎರಡು ಸುಳಿ.

"ಕೊಳ್ಳೋಕ್ ಬಂದೋರು ಇದ ನೋಡಿ ಕಾಫೀನೂ ಕುಡೀದೆ ಹೊಂಟೋಗ್ತಾರೆ ಮೇಡಂ. ನಿಮ್ದು ಕೂದ್ಲು ಬೆಳೆಯೋ ಪುಡಿ ಇದೆಯಲ್ಲ, ಡಬಲ್ ಡೋಸ್ ಹಾಕುದ್ರೆ ಮುಚ್ಚೋಗಲ್ವಾ?"

ಇಷ್ಟು ವರ್ಷದಲ್ಲಿ ಇಂಥ ಬೇಡಿಕೆ ಕೇಳಿರಲಿಲ್ಲ. ಕೂದಲು ಎಷ್ಟು ದಟ್ಟವಾದರೂ ತಿರುಗುವ ಕಡೆಗೇ ತಿರುಗುತ್ತದೆ, ಸುಳಿ ಇನ್ನೂ ಚೆನ್ನಾಗಿ ಕಾಣುತ್ತದೆ ಅಷ್ಟೆ ಎಂದು ನಕ್ಕೆ. ಸುಳಿಗೂ ಅದೃಷ್ಟಕ್ಕೂ ಸಂಬಂಧವಿಲ್ಲ ಎಂದು ನನ್ನ ಎಂದಿನ ಭಾಷಣ ಶುರು ಮಾಡಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, "ಸೈನ್ಸು ನಂಗೂ ಗೊತ್ತು. ಕೊಳ್ಳೋರ್ಗೆ ಗೊತ್ತಿಲ್ವಲ್ಲ. ಪುಡಿಯಿಂದ ಆಗಲ್ಲ ಅಂದ್ರೆ ಬರೆ ಹಾಕಿಸ್ತೀನಿ. ಸುಟ್ಟ ಗಾಯ ಅಂದ್ರೆ ಯಾರೂ ಸುಳಿ ಕೇಳಲ್ಲ" ಎಂದರು.

ನನಗೆ ಕೆಂಡದಂಥ ಕೋಪ ಬಂತು. ಕಾದ ಕಬ್ಬಿಣವನ್ನು ನಿಮ್ಮ ಹಣೆಗೆ ಇಟ್ಟುಕೊಂಡು ನೋಡಿ ಎಂದು ಗಿರಾಕಿಯ ಮುಂದೆ ಆಡಬಾರದ ಮಾತು ಆಡಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅಷ್ಟು ಕರುಳು ಚುರ್ ಅಂದ್ರೆ ನೀವೇ ಕರ್ಕೊಂಡೋಗಿ. ನಂಗೆ ಒಂದ್ ರೂಪಾಯೂ ಬೇಡ. ವಾರದಲ್ಲಿ ಹೇಳಿ" ಎಂದರು.

ನಮ್ಮ ಕಂಪನಿ ಯಜಮಾನರಿಗೆ ಹೇಳಿದರೆ ಅವರು ಖುಷಿಯಿಂದ ಕುಣಿದಾಡಿದರು. ಶೆಡ್ಡಿನ ಹಿಂದೆ ಕಟ್ಟಿಕೋ, ಹೊಸ ಪುಡಿಯ ರುಚಿ ನೋಡಿಸಲು ಊರೂರು ಅಲೆಯುವುದು ತಪ್ಪುತ್ತದೆ ಎಂದರು. ಹುಟ್ಟಿದಾಗಿನಿಂದ ಬಯಸಿದ್ದು ತಾನಾಗಿ ಬಂದು ಕೈಗೆ ಬಿದ್ದಿತ್ತು. ಇನ್ನೊಂದು ಸಲ ಕುಣಿಗಲ್ಲಿಗೆ ಹೋದೆ. ಮರಿ ಓಡಿಬಂದು ಕೈ ನೆಕ್ಕಿತು. ಪ್ರೀತಿಯಿಂದ ಜುಟ್ಟು ಎತ್ತಿದೆ. ಮೊದಲ ಸುಳಿ ದಾಟಿ ಎರಡನೆಯದಕ್ಕೆ ಬೆರಳು ತಾಗಿದ್ದೇ ಕೈ ತಾನಾಗಿ ಹಿಂದಕ್ಕೆ ಬಂತು.

ಆ ಹೊತ್ತಿಗೆ ಅಮ್ಮನಿಗೆ ಉಬ್ಬಸ ಜಾಸ್ತಿಯಾಗಿತ್ತು. ಮನೆಯಲ್ಲಿರುವುದು ಅವಳು, ನಾನು. ಈ ಸುಳಿಯನ್ನು ತಂದು ಕಟ್ಟಿಕೊಂಡ ಮೇಲೆ ಅಮ್ಮನಿಗೆ ಏನಾದರೂ ಆದರೆ? ಊರಿಗೆಲ್ಲ ಭಾಷಣ ಬಿಗಿಯುವ ನಾನು ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದನ್ನೇ ಯೋಚಿಸಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಹೆದರಿಕೆ ಮಾತ್ರ ಹೋಗಲಿಲ್ಲ.

ವಾರ ಮುಗಿಯುತ್ತಾ ಬಂದಾಗ, ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ, ಎಲ್ಲವನ್ನೂ ಹೇಳಿದೆ. ಕೊನೆಗೆ, "ಬೇಡ ಅಂತ ಫೋನ್ ಮಾಡ್ಬಿಡ್ತೀನಮ್ಮ. ನೀನ್ ಹೇಳಿದ್ದೇ ಸರಿ ಇರ್ಬೋದು. ಸುಮ್ನೆ ನಿನ್ ಜೊತೆ ಇಷ್ಟು ವರ್ಷ ಕಿತ್ತಾಡ್ದೆ" ಎಂದೆ.

ಅಮ್ಮ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

"ನಮ್ ಕುದ್ರೆಗೆ ಎರಡು ಸುಳಿ ಇರ್ಲಿಲ್ಲ ಕಣೇ."

ನನಗೆ ಅರ್ಥವಾಗಲಿಲ್ಲ. "ಇತ್ತಲ್ಲಮ್ಮ. ನಾನೇ ಮುಟ್ಟಿದೀನಿ" ಎಂದೆ.

"ನೀನು ಮುಟ್ಟಿದ್ದು ಒಂದು. ನಾನು ಹೇಳಿದ್ ಮೇಲೆ ಅದು ನಿಂಗೆ ಎರಡಾಯ್ತು."

ಆಮೇಲೆ ಅಮ್ಮ ನಿಧಾನವಾಗಿ, ಉಸಿರು ಎಳೆದುಕೊಳ್ಳುತ್ತಾ ಹೇಳಿದಳು. "ಅವತ್ತು ನಿಮ್ಮಪ್ಪುಂಗೆ ಮೈ ಸುಡ್ತಿತ್ತು. ಹೋಗಲ್ಲ ಅಂದ್ರು. ಗೂಳೂರಿನ ಬಾಡ್ಗೆ ಬಂದೈತೆ, ಮಲ್ಕೊಂಡ್ರೆ ಒಲೆ ಉರಿಯುತ್ತಾ ಅಂತ ರೇಗಿ ಎಬ್ಬಿಸಿದ್ದು ನಾನು. ದಾರೀಲಿ ಕಣ್ಣು ಕತ್ತಲೆ ಬಂದಿರ್ಬೇಕು. ಮಣ್ಣು ಮಾಡ್ ಬಂದೋರು, ಜ್ವರ ಇತ್ತಂತಲ್ಲ, ಯಾಕ್ ಕಳ್ಸುದ್ರಿ ಅಂತ ಕೇಳೋಕ್ ಶುರು ಮಾಡುದ್ರು. ನೀನೂ ಅಲ್ಲೇ ನಿಂತು ನನ್ನೇ ನೋಡ್ತಿದ್ದೆ. ಬಾಯಿಗೆ ಸುಳಿ ಅಂತ ಬಂತು. ಕುದ್ರೆ ಬಂದು ಇಲ್ಲ ಅನ್ನುತ್ತಾ?"

"ಚಾಚಾ ನೋಡೋಕೆ ಹೋದ್ರಲ್ಲ?"

"ಎರಡು ಸುಳಿ ಅಂದ್ಮೇಲೆ ಮುಟ್ಟೋಕೆ ಯಾರ್ಗೆ ಧೈರ್ಯ ಬರುತ್ತೆ? ನಂಗೆ ಅದು ಗೊತ್ತಿತ್ತು. ಆ ಮರೀನ ಕರ್ಕೊಂಡ್ ಬಾ. ಒಂದಕ್ಕೆ ಮಾಡಿದ್ದು ಸಾಕು."

ಅಮ್ಮನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ನನ್ನ ಬೈಗುಳ ಕೇಳಿಕೊಂಡು ಸುಮ್ಮನೆ ಎದ್ದು ಹೋಗುತ್ತಿದ್ದವಳು ನೆನಪಾದಳು. ಅವಳ ಪಕ್ಕ ಕೂತು ಉಳಿದ ಸೊಪ್ಪು ಬಿಡಿಸಿದೆ. ಕುಣಿಗಲ್ಲಿಗೆ ಫೋನ್ ಮಾಡಿ ಗಾಡಿ ತರುತ್ತೇನೆ ಎಂದು ಹೇಳಿದೆ. ಇಬ್ಬರೂ ಊಟ ಮಾಡಿದೆವು. ಮನೆ ಹಗುರಾಗಿತ್ತು.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಗುಬ್ಬಿ ಎಂದು ಬೋರ್ಡು ಹಾಕಿದ ಬಸ್ಸು ಬಂತು. ದಿನಾ ಹತ್ತುವ ಬಸ್ಸೇ. ಮೆಟ್ಟಿಲ ಮೇಲೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಗುಬ್ಬಿಯ ಆ ಬಿಳಿ ಕುದುರೆಗೆ ಇದ್ದದ್ದೂ ಒಂದೇ ಸುಳಿ. ಹಿಂದಿನವರು ತಳ್ಳಿದಾಗ ಒಳಗೆ ಹೋಗಿ ಕೂತೆ, ನನ್ನ ಸ್ಟಾಪಿನಲ್ಲಿ ಇಳಿಯಲಿಲ್ಲ, ನೇರ ಗುಬ್ಬಿಗೆ ಹೋದೆ. ಕೊಬ್ಬರಿ ವ್ಯಾಪಾರಿಯ ಹಿತ್ತಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ, ಬೇಕರಿ ಬಂದಿದ್ದವು. ಆ ಮನೆಯವರು ಊರು ಬಿಟ್ಟು ಬಹಳ ಕಾಲವಾಗಿತ್ತು. ಬೇಕರಿಯ ವಯಸ್ಸಾದವರನ್ನು ಕುದುರೆಯ ವಿಷಯ ಕೇಳಿದರೆ, "ಆ ಬಿಳೀದಾ? ಅದು ಯಾವಾಗ್ಲೋ ಹೋಯ್ತಲ್ಲಮ್ಮ" ಎಂದರು. ಎಲ್ಲಿಂದ ಬಂದದ್ದು ಎಂದು ಅವರಿಗೂ ಗೊತ್ತಿರಲಿಲ್ಲ.

ಮರಿ ಈಗ ನಮ್ಮ ಶೆಡ್ಡಿನ ಹಿಂದೆ ಇದೆ. ಹಣೆಗೆ ಬರೆ ಬಿದ್ದಿಲ್ಲ. ಅಮ್ಮನ ಉಬ್ಬಸ ಮಳೆಗಾಲ ಮುಗಿದ ಮೇಲೆ ಕಡಿಮೆಯಾಯಿತು. ಒಂದು ಭಾನುವಾರ ಆಟೋ ಮಾಡಿಕೊಂಡು ನೋಡಲು ಬಂದಳು. ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಬಂದಿದ್ದಳು. ಬೇಲಿಯ ಹತ್ತಿರ ನಿಂತು, ಅಪ್ಪನ ಹಾಗೆಯೇ, "ಬಾ ಮಗಳೇ" ಎಂದು ಕೂಗಿದಳು. ನಾನು ತಿರುಗಿದೆ. ಮರಿ ತಿರುಗಲಿಲ್ಲ, ಅದಕ್ಕೆ ಆ ಹೆಸರು ಗೊತ್ತಿಲ್ಲ.

ಆಗ ನನಗೆ ಎಲ್ಲಕ್ಕಿಂತ ಕೆಟ್ಟದ್ದು ಹೊಳೆಯಿತು. ಗುಬ್ಬಿಯಲ್ಲಿ ಸುಳಿ ತಡವುವ ಬದಲು ಒಂದು ಸಲ ಹಾಗೆ ಕೂಗಿದ್ದರೆ ಸಾಕಿತ್ತು. ಆ ಬಿಳಿ ಕುದುರೆ ನಮ್ಮವಳಾಗಿದ್ದರೆ ಕಿವಿ ನಿಮಿರಿಸುತ್ತಿದ್ದಳು. ಅಲ್ಲದಿದ್ದರೆ ಅಲ್ಲ ಎಂದಾದರೂ ಗೊತ್ತಾಗುತ್ತಿತ್ತು. ಅವಳು ಹಿಂದೆ ಬಂದದ್ದು ಮೆಂತ್ಯಕ್ಕೇ ಇರಬಹುದು. ಎಲ್ಲ ಕುದುರೆಗಳೂ ಬರುತ್ತವೆ. ಆದರೆ ಪುಡಿಯ ಚೀಲ ಆವತ್ತು ನನ್ನ ಬಲಗಡೆ ಹೆಗಲಿನಲ್ಲಿತ್ತು. ಅವಳು ಮೂತಿ ಒರೆಸಿದ್ದು ಎಡಗಡೆ, ಏನೂ ಇಲ್ಲದ ಕಡೆ. ಅಲ್ಲಿ ಮೂಸಿ, ಜೋರಾಗಿ ಉಸಿರು ಬಿಟ್ಟಿದ್ದಳು.

ಆವತ್ತು ಗುಬ್ಬಿಯ ಆ ಗೇಟಿನ ಹತ್ತಿರ ಅವಳು ನನ್ನ ಹೆಗಲ ಮೇಲೆ ಮುಖ ಇಟ್ಟಳು. ಬಸ್ಸಿಗೆ ಹೊತ್ತಾಗಿತ್ತು. ನಾನು ಆ ಮುಖವನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿ, "ನೀನಲ್ಲ ಬುಡು" ಎಂದು ಹೇಳಿ, ಗೇಟು ಹಾಕಿಕೊಂಡು ಬಂದೆ.